ವ್ರತಭಂಗವೂ ಅತಿಚಾರವೂ: ಹಾಲು ತೊರೆದವರ ಒಂದು ಸಮಸ್ಯೆ

ಇತ್ತೀಚಿನ ವರ್ಷಗಳಲ್ಲಿ ನಮ್ಮ ವಿದ್ಯಾರ್ಥಿಗಳಲ್ಲಿ ಕೆಲವರು ಮಾಂಸವನ್ನಷ್ಟೇ ಅಲ್ಲದೆ ಹಾಲು, ಮೊಸರು, ಬೆಣ್ಣೆ, ತುಪ್ಪ, ಜೇನು ಇವನ್ನೆಲ್ಲ ತೊರೆದಿರುವುದು ಅಧ್ಯಾಪಕರ ಗಮನಕ್ಕೆ ಬಂದಿರಬಹುದು. ಈ ಕ್ರಮಕ್ಕೆ 'ವೀಗನ್' ಎಂಬ ಹೆಸರನ್ನು ಕೊಟ್ಟವರು 1944ರಲ್ಲಿ ಇಂಗ್ಲೆಂಡಿನ ಡೊನಾಲ್ಡ್ ವಾಟ್ಸನ್ ಮತ್ತು ಅವರ ಮಿತ್ರರು. ಕನ್ನಡದಲ್ಲಿ ಇದಕ್ಕೆ ಎಲ್ಲರೂ ಒಪ್ಪಿದ ಮಾತು ಇನ್ನೂ ನೆಲೆಗೊಂಡಿಲ್ಲವಾದ್ದರಿಂದ ಅಂಥವರನ್ನು ಇಲ್ಲಿ 'ಹಾಲು ತೊರೆದವರು' ಎಂದೇ ಕರೆಯುತ್ತೇವೆ. ಇತಿಹಾಸ ವಿಭಾಗದ ಸಂಚಿಕೆಯಲ್ಲಿ ಅನ್ನಪಾನದ ಈ ವಿಚಾರವೇಕೆ ಎಂದು ವಾಚಕರು ಕೇಳುವುದು ಸಹಜ. ಏನನ್ನು ಉಣ್ಣಬೇಕು ಎಂಬುದನ್ನು ತಿಳಿಸಲು ಬೇರೆ ಶಾಸ್ತ್ರಗಳುಂಟು. ಆದರೆ ಈ ವಿದ್ಯಾರ್ಥಿಗಳು ನಮ್ಮಲ್ಲಿಗೆ ತರುವ ಪ್ರಶ್ನೆ ಬೇರೆ: ಬಿಟ್ಟದ್ದನ್ನು ಮನಸ್ಸು ಬಯಸಿದಾಗ ಏನು ಮಾಡಬೇಕು? ಒಮ್ಮೆ ಉಂಡುಬಿಟ್ಟ ಮೇಲೆ ಏನು ಮಾಡಬೇಕು? ಈ ಪ್ರಶ್ನೆಯನ್ನು ಕಲಬುರಗಿಯ ನೆಲಕ್ಕೆ ಸಂಬಂಧಿಸಿದ ಒಂದು ಪರಂಪರೆ ಸಾವಿರ ವರ್ಷಗಳಿಗೂ ಹಿಂದೆಯೇ ಸೂಕ್ಷ್ಮವಾಗಿ ವಿವೇಚಿಸಿತ್ತು. ಅದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಮೊದಲು ನಮ್ಮ ಸ್ವಂತ ಸಂಗತಿಯನ್ನೇ ಹೇಳುವುದು ಪ್ರಾಮಾಣಿಕವಾದೀತು. ನಾವು ಹಾಲನ್ನು ತೊರೆದು ನಾಲ್ಕು ತಿಂಗಳಾಗಿದ್ದಾಗ ಎಳ್ಳಮಾವಾಸ್ಯೆ ಬಂದಿತು. ಈ ಸೀಮೆಯಲ್ಲಿ ಆ ದಿನ ಮನೆಯವರೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂಮಿಗೆ ಚರಗ ಚೆಲ್ಲಿ, ಬಂದವರಿಗೆಲ್ಲ ಉಣಬಡಿಸುವರು. ಕಮಲಾಪುರದ ಸಮೀಪ ನಮ್ಮ ಸ್ನೇಹಿತರೊಬ್ಬರ ಹೊಲವಿದೆ. ಅಲ್ಲಿ ಭಜ್ಜಿ, ಸಜ್ಜೆಯ ರೊಟ್ಟಿ, ಶೇಂಗಾ ಹಿಂಡಿ ಇವುಗಳವರೆಗೆ ನಮಗೆ ತೊಡಕಾಗಲಿಲ್ಲ. ಆಮೇಲೆ ಅಂಬಲಿಯ ಗಡಿಗೆ ಬಂದಿತು. ಜೋಳದ ಅಂಬಲಿಗೆ ಮಜ್ಜಿಗೆ ಬೆರೆತಿರುವುದು ನಮಗೆ ಗೊತ್ತಿತ್ತು. ಸ್ನೇಹಿತರ ತಾಯಿ "ತಮ್ಮಾ, ಹೊಲದಾಗ ಕುಂತು ಒಲ್ಲೆ ಅನಬಾರದಪ್ಪಾ, ಒಂದೀಟು ಕುಡಿ" ಎಂದರು. ಕುಡಿದೆವು. ಬಿಸಿಲಿನಲ್ಲಿ ಅದರ ಹುಳಿ ಎಷ್ಟು ಹಿತವಾಗಿತ್ತೆಂಬುದನ್ನು ಮುಚ್ಚಿಡುವುದು ಸರಿಯಲ್ಲ.

ಅದು ಅಲ್ಲಿಗೇ ನಿಂತಿದ್ದರೆ ಈ ಲೇಖನ ಹುಟ್ಟುತ್ತಿರಲಿಲ್ಲ. ಹೇಗೂ ಕೆಟ್ಟಿತಲ್ಲ ಎಂದುಕೊಂಡು ಎಳ್ಳು ಹೋಳಿಗೆಯ ಮೇಲೆ ತುಪ್ಪ ಹಾಕಿಸಿಕೊಂಡೆವು. ಸಂಜೆ ಕಲಬುರಗಿಗೆ ಮರಳಿದವರು ಮನೆಗೆ ಹೋಗದೆ, ಈ ಊರು ಹೆಸರಾದ ಖೋವಾ ತುಂಬಿದ ಮಾಲಪುರಿಯನ್ನು ನಿಂತು ತಿಂದೆವು. ಮುಂದಿನ ಹದಿನೈದು ದಿನ ಚಹಾ, ಮೊಸರು ಎಲ್ಲವೂ ಮೊದಲಿನಂತೆಯೇ ನಡೆದವು. ಒಂದು ಲೋಟ ಅಂಬಲಿ ನಾಲ್ಕು ತಿಂಗಳ ನಿಯಮವನ್ನು ಕೆಡವಿತೆಂದು ಆಗ ಅನ್ನಿಸಿತ್ತು. ವಾಸ್ತವದಲ್ಲಿ ಅದನ್ನು ಕೆಡವಿದ್ದು ಅಂಬಲಿಯಲ್ಲ, 'ಹೇಗೂ ಕೆಟ್ಟಿತಲ್ಲ' ಎಂಬ ಆ ಮಾತು.

ಈ ಮನೋವ್ಯಾಪಾರವನ್ನು ಆಧುನಿಕ ಮನಶ್ಶಾಸ್ತ್ರಜ್ಞರೂ ಪರೀಕ್ಷಿಸಿದ್ದಾರೆ. 1975ರಲ್ಲಿ ಹರ್ಮನ್ ಮತ್ತು ಮ್ಯಾಕ್ ಎಂಬಿಬ್ಬರು ಪ್ರಕಟಿಸಿದ ಪ್ರಯೋಗದಲ್ಲಿ ಕೆಲವರಿಗೆ ಮೊದಲು ಮಿಲ್ಕ್‌ಶೇಕ್ ಕುಡಿಸಿ, ಅನಂತರ ರುಚಿ ನೋಡುವ ನೆಪದಲ್ಲಿ ಐಸ್‌ಕ್ರೀಮನ್ನು ಮುಂದಿಟ್ಟರು. ಊಟದಲ್ಲಿ ಕಟ್ಟುಪಾಡಿಲ್ಲದವರು ಮೊದಲೇ ಹೊಟ್ಟೆ ತುಂಬಿದ್ದರಿಂದ ಕಡಿಮೆ ತಿಂದರು. ಸದಾ ಊಟವನ್ನು ಬಿಗಿಹಿಡಿದಿದ್ದವರು ಮಾತ್ರ, ಮಿಲ್ಕ್‌ಶೇಕ್ ಕುಡಿಯದೆ ಇದ್ದಾಗಿನದಕ್ಕಿಂತ ಹೆಚ್ಚು ತಿಂದರು. ಕುಡಿತವನ್ನು ಬಿಟ್ಟವರನ್ನು ಅಭ್ಯಸಿಸಿದ ಆಲನ್ ಮಾರ್ಲಟ್ ಮತ್ತು ಜುಡಿತ್ ಗಾರ್ಡನ್ 1985ರ ತಮ್ಮ ಗ್ರಂಥದಲ್ಲಿ ಇದನ್ನೇ ವಿಸ್ತರಿಸಿದರು. ಅವರ ಪ್ರಕಾರ ಎಡವುವುದು ಬೇರೆ, ಹಳೆಯ ಸ್ಥಿತಿಗೆ ಮರಳುವುದು ಬೇರೆ. ಮೊದಲನೆಯದನ್ನು ತನ್ನ ಸ್ವಭಾವದ ದೋಷವೆಂದು ಭಾವಿಸಿ ಕುಗ್ಗುವವನೇ ಎರಡನೆಯದಕ್ಕೆ ಸುಲಭವಾಗಿ ಜಾರುತ್ತಾನೆ.

ಇನ್ನು ನಮ್ಮ ಪರಂಪರೆಯ ವಿಚಾರ. ಕಲಬುರಗಿಯಿಂದ ಸುಮಾರು 40 ಕಿಲೋಮೀಟರು ದೂರದಲ್ಲಿ, ಕಾಗಿಣಾ ನದಿಯ ದಂಡೆಯಲ್ಲಿರುವ ಮಳಖೇಡವು ರಾಷ್ಟ್ರಕೂಟರ ಮಾನ್ಯಖೇಟವೆಂಬುದನ್ನು ವಾಚಕರು ಬಲ್ಲರು. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಶ್ರಯದಲ್ಲಿ ಅಲ್ಲಿ ಜೈನ ವಿದ್ವಾಂಸರು ನೆರೆದಿದ್ದರು. ಉಗ್ರಾದಿತ್ಯನ ವೈದ್ಯಗ್ರಂಥ 'ಕಲ್ಯಾಣಕಾರಕ'ದ ಕೊನೆಯಲ್ಲಿ ಔಷಧಕ್ಕಾಗಿಯೂ ಮಾಂಸ ಬೇಡವೆಂದು ವಾದಿಸುವ 'ಹಿತಾಹಿತಾಧ್ಯಾಯ' ಇದೆ. ಅದನ್ನು ನೃಪತುಂಗನ ಸಭೆಯಲ್ಲಿ ಮಂಡಿಸಿದುದಾಗಿ ಗ್ರಂಥವೇ ಹೇಳುತ್ತದೆ. ಇಲ್ಲೊಂದು ಎಚ್ಚರ ಅವಶ್ಯ. ಜೈನ ಶ್ರಾವಕರು ಮದ್ಯ, ಮಾಂಸ, ಜೇನುಗಳನ್ನು ಬಿಟ್ಟವರೇ ಹೊರತು ಹಾಲನ್ನು ಬಿಟ್ಟವರಲ್ಲ. ಹಾಲು, ಮೊಸರು, ತುಪ್ಪಗಳನ್ನು ಬಿಡುವುದು 'ರಸಪರಿತ್ಯಾಗ'ವೆಂಬ ತಪಸ್ಸಿನ ಭಾಗ. ಅದರ ಉದ್ದೇಶ ನಾಲಗೆಯನ್ನು ಗೆಲ್ಲುವುದು. ಆದ್ದರಿಂದ ಇಂದಿನ ವೀಗನರ ಪೂರ್ವಜರು ಇವರೆಂದು ಸಾಧಿಸುವ ಹಂಬಲ ನಮಗಿಲ್ಲ. ಅಂಥ ಉತ್ಸಾಹ ಈಗ ಎಲ್ಲೆಡೆ ಹೆಚ್ಚಾಗಿದೆ. ನಾವು ಅವರಿಂದ ಪಡೆಯಬಹುದಾದದ್ದು ವ್ರತವನ್ನು ನಿರ್ವಹಿಸುವ ವಿಧಾನವನ್ನು ಮಾತ್ರ.

ಆ ವಿಧಾನದ ತಿರುಳು ತಪ್ಪಿನ ಶ್ರೇಣೀಕರಣದಲ್ಲಿದೆ. ವ್ರತವು ಇದೆ ಅಥವಾ ಇಲ್ಲ ಎಂಬ ಎರಡೇ ಸ್ಥಿತಿಗಳನ್ನು ಜೈನಾಚಾರ್ಯರು ಒಪ್ಪಲಿಲ್ಲ. ಅತಿಕ್ರಮ, ವ್ಯತಿಕ್ರಮ, ಅತಿಚಾರ, ಅನಾಚಾರ ಎಂದು ನಾಲ್ಕು ಮೆಟ್ಟಿಲುಗಳನ್ನು ಗುರುತಿಸಿದರು. ಮಾಳವದ ಅಮಿತಗತಿಯ ವಿವರಣೆಯಂತೆ ಮನಸ್ಸಿನ ಶುದ್ಧಿ ಕದಡುವುದು ಅತಿಕ್ರಮ, ಶೀಲದ ಬೇಲಿಯನ್ನು ದಾಟುವುದು ವ್ಯತಿಕ್ರಮ, ವಿಷಯದಲ್ಲಿ ತೊಡಗುವುದು ಅತಿಚಾರ, ಅದರಲ್ಲಿಯೇ ಆಸಕ್ತನಾಗಿ ಮುಳುಗುವುದು ಅನಾಚಾರ. ಬೇಲಿಯ ಈ ಮಾತನ್ನು ಕಮಲಾಪುರದ ಯಾವ ರೈತನಿಗಾದರೂ ವಿವರಿಸಬೇಕಾಗಿಲ್ಲ. ಹಸಿರು ಜೋಳವನ್ನು ಕಂಡು ಎತ್ತು ಕತ್ತೆತ್ತಿ ನೋಡುವುದು, ಬೇಲಿಯನ್ನು ನೂಕಿ ಬರುವುದು, ಒಂದು ಬಾಯಿ ಮೇಯುವುದು, ಹೊಲದಲ್ಲಿಯೇ ನಿಂತುಬಿಡುವುದು ಇವು ನಾಲ್ಕೂ ಒಂದೇ ಅಲ್ಲ. ಒಂದು ಬಾಯಿ ಮೇಯಿತೆಂದು ಬೇಲಿಯನ್ನೇ ಕಿತ್ತೊಗೆಯುವ ಒಕ್ಕಲಿಗನಿಲ್ಲ. ನಾವು ಆ ಎಳ್ಳಮಾವಾಸ್ಯೆಯಂದು ಮಾಡಿದ್ದು ನಿಖರವಾಗಿ ಅದನ್ನೇ: ಅಂಬಲಿ ಅತಿಚಾರವಾಗಿತ್ತು, ಹದಿನೈದು ದಿನಗಳ ಚಹಾ ಅನಾಚಾರ.

ಈ ಶ್ರೇಣಿಯ ಮೊದಲ ಮೆಟ್ಟಿಲು ಹೊಸಬರಿಗೆ ವಿಶೇಷವಾಗಿ ಉಪಯುಕ್ತ. ಬಯಕೆ ಏಳುವುದು ಮನಸ್ಸಿನ ಕಲಕು. ಗಮನಿಸಬೇಕಾದುದು ನಿಜ, ಆದರೆ ಅದು ಇನ್ನೂ ಬೇಲಿಯ ಆಚೆಯದೇ. ಬೆಣ್ಣೆಯ ವಾಸನೆಗೆ ಬಾಯಲ್ಲಿ ನೀರೂರಿತೆಂದ ಮಾತ್ರಕ್ಕೆ 'ನಾನು ಇದಕ್ಕೆ ಯೋಗ್ಯನಲ್ಲ' ಎಂದು ನಿರ್ಧರಿಸಿದ ವಿದ್ಯಾರ್ಥಿಯೊಬ್ಬನನ್ನು ನಾವು ಬಲ್ಲೆವು.

'ತತ್ತ್ವಾರ್ಥಸೂತ್ರ'ದ ಏಳನೆಯ ಅಧ್ಯಾಯದಲ್ಲಿ ಪ್ರತಿಯೊಂದು ವ್ರತಕ್ಕೂ ಐದೈದು ಅತಿಚಾರಗಳನ್ನು ಹೇಳಿದೆ. ಭೋಗವನ್ನು ಮಿತಗೊಳಿಸುವ ವ್ರತದ ಅತಿಚಾರಗಳಲ್ಲಿ 'ಸಂಬಂಧ' ಮತ್ತು 'ಸಮ್ಮಿಶ್ರ' ಎಂಬ ಎರಡುಂಟು: ಬಿಟ್ಟ ವಸ್ತುವಿಗೆ ತಗುಲಿದ ಆಹಾರ, ಬಿಟ್ಟ ವಸ್ತು ಬೆರೆತ ಆಹಾರ. ಬಿಸ್ಕತ್ತಿನಲ್ಲಿ ಹಾಲಿನ ಪುಡಿ, ಖಾನಾವಳಿಯ ಪಲ್ಯದಲ್ಲಿ ಬೆಣ್ಣೆ, ದೋಸೆಯ ಕಾವಲಿಗೆ ಸವರಿದ ತುಪ್ಪ ಇವೆಲ್ಲ ಆ ಜಾತಿಗೆ ಸೇರಿದವು. ಸಂಸಾರದಲ್ಲಿರುವವನಿಗೆ ಇಂಥವು ಬಂದೇ ಬರುತ್ತವೆಂದು ತಿಳಿದೇ ಅವರು ಪಟ್ಟಿ ಮಾಡಿದರು.

ಎರಡನೆಯ ಉಪಾಯ ಕಾಲದ ಮಿತಿ. ಸಮಂತಭದ್ರನ 'ರತ್ನಕರಂಡಕ ಶ್ರಾವಕಾಚಾರ'ವು ತ್ಯಾಗವನ್ನು ನಿಯಮ, ಯಮ ಎಂದು ಎರಡಾಗಿ ವಿಂಗಡಿಸುತ್ತದೆ. ಜೀವವಿರುವವರೆಗೆ ಹಿಡಿದದ್ದು ಯಮ, ಕಾಲವನ್ನು ಗೊತ್ತುಮಾಡಿಕೊಂಡದ್ದು ನಿಯಮ. ಆ ಕಾಲವು ಒಂದು ಹಗಲಾಗಬಹುದು, ಒಂದು ಇರುಳಾಗಬಹುದು, ಪಕ್ಷ, ತಿಂಗಳು, ಋತು, ಅಯನವಾಗಬಹುದು. ಇಂದಿನ ತರುಣರು ಮೊದಲ ದಿನವೇ ಯಮವನ್ನು ಕೈಗೊಂಡು ಎಂಟನೆಯ ದಿನ ಎಡವುತ್ತಾರೆ. ಪಕ್ಷಕ್ಕೆಂದು ಹಿಡಿದು, ಮುಗಿದ ಮೇಲೆ ಮತ್ತೆ ಪಕ್ಷಕ್ಕೆಂದು ಹಿಡಿಯುವವನಿಗೆ ಎಡವಿದರೂ ಕಳೆದುಹೋಗುವುದು ಆ ಪಕ್ಷ ಮಾತ್ರ.

ಜಿನಸೇನರ ಶಿಷ್ಯ ಗುಣಭದ್ರರ 'ಉತ್ತರಪುರಾಣ'ದಲ್ಲಿ ಬರುವ ಖದಿರಸಾರನೆಂಬ ಬೇಡನ ಕಥೆ ಇಲ್ಲಿ ಸ್ಮರಣೀಯ. ಮಾಂಸವನ್ನು ಪೂರ್ತಿ ಬಿಡಲಾರೆನೆಂದ ಅವನಿಗೆ ಮುನಿಯು, ಕಾಗೆಯ ಮಾಂಸವನ್ನು ತಿಂದಿರುವೆಯಾ ಎಂದು ಕೇಳುತ್ತಾನೆ. ಇಲ್ಲವೆಂದಾಗ ಅದೊಂದನ್ನೇ ಬಿಡುವಂತೆ ವ್ರತವನ್ನು ಕೊಡುತ್ತಾನೆ. ಎಂದೂ ತಿನ್ನದ ವಸ್ತುವನ್ನು ಬಿಡುವ ಈ ವ್ರತ ನಗೆಗೀಡಾಗುವಷ್ಟು ಚಿಕ್ಕದು. ಮುಂದೆ ರೋಗ ಬಂದು, ಕಾಗೆಯ ಮಾಂಸವೇ ಮದ್ದೆಂದು ವೈದ್ಯರು ಹೇಳಿದಾಗ ಬೇಡನು ಅದನ್ನು ಮುಟ್ಟುವುದಿಲ್ಲ. ಕೊನೆಗೆ ಉಳಿದ ವ್ರತಗಳನ್ನೂ ಸ್ವೀಕರಿಸಿಯೇ ಪ್ರಾಣ ಬಿಡುತ್ತಾನೆ.

ಹನ್ನೆರಡನೆಯ ಶತಮಾನದ ಶರಣರಲ್ಲಿ ವ್ರತಶೀಲಗಳನ್ನು ಕುರಿತು ಎಲ್ಲರಿಗಿಂತ ಹೆಚ್ಚು ಮಾತನಾಡಿದವಳು ಅಕ್ಕಮ್ಮ. ವ್ರತ ತಪ್ಪಿದವರ ವಿಷಯದಲ್ಲಿ ಅವಳ ನಿಲುವು ಕಠಿಣ. ರಾಜಿಗೆ ಅಲ್ಲಿ ಎಡೆಯಿಲ್ಲ. ಅವಳ ನಿಷ್ಠೆಯನ್ನು ಗೌರವಿಸುತ್ತಲೇ, ಹೊಸದಾಗಿ ಪ್ರಾರಂಭಿಸಿದವರು ಮೊದಲು ಮಾನ್ಯಖೇಟದ ಕಡೆ ನೋಡುವುದು ಲೇಸೆಂದು ನಮ್ಮ ಅಭಿಪ್ರಾಯ.

ಹಾಲು ತೊರೆದವರ ಎಡವುವಿಕೆಗೆ ಆಧುನಿಕ ಚರಿತ್ರೆಯಲ್ಲಿ ಗಾಂಧೀಜಿಯವರಿಗಿಂತ ದೊಡ್ಡ ನಿದರ್ಶನವಿಲ್ಲ. 1912ರಲ್ಲಿ ದಕ್ಷಿಣ ಆಫ್ರಿಕದ ಟಾಲ್‌ಸ್ಟಾಯ್ ಫಾರ್ಮಿನಲ್ಲಿ ಅವರು ಹಾಲನ್ನು ಬಿಟ್ಟರು. 1918ರಲ್ಲಿ, ಖೇಡಾ ಜಿಲ್ಲೆಯಲ್ಲಿ ತಿರುಗಾಡುತ್ತಿದ್ದ ಕಾಲದಲ್ಲಿ ಹೊಟ್ಟೆ ಕೆಟ್ಟು, ಊಟ ಬೇಡವೆಂದಿದ್ದ ಒಂದು ಹಬ್ಬದ ದಿನ, ಕಸ್ತೂರಬಾ ಅವರು ತುಪ್ಪದ ಬದಲು ಎಣ್ಣೆ ಹಾಕಿ ಮಾಡಿದ ಗೋಧಿಯ ಸಿಹಿಗೆ ಮನಸೋತು ಉಂಡರು, ಕಾಯಿಲೆ ಉಲ್ಬಣಿಸಿತು. 1919ರ ಜನವರಿಯಲ್ಲಿ ವೈದ್ಯರು ಹಾಲು ಬೇಕೇ ಬೇಕೆಂದಾಗ, ವ್ರತ ಹಿಡಿದಾಗ ಮನಸ್ಸಿನಲ್ಲಿದ್ದುದು ಹಸು ಎಮ್ಮೆಗಳ ಹಾಲು ಮಾತ್ರವೆಂಬ ಆಧಾರದ ಮೇಲೆ ಆಡಿನ ಹಾಲನ್ನು ಸ್ವೀಕರಿಸಿದರು. ವ್ರತದ ಅಕ್ಷರ ಉಳಿಯಿತು, ಆತ್ಮ ಹೋಯಿತೆಂದು ಆತ್ಮಕಥೆಯಲ್ಲಿ ತಾವೇ ಒಪ್ಪಿಕೊಂಡರು. ಆಡಿನ ಹಾಲನ್ನು ಅವರು ಮುಂದೆ ಬಿಡಲಾಗಲಿಲ್ಲ. ಆದರೆ ಹಸುವಿನ ಹಾಲಿಗೆ ಮರಳಲೂ ಇಲ್ಲ. ಎತ್ತು ಒಂದು ಮೂಲೆಯಲ್ಲಿ ನುಗ್ಗಿದರೂ ಉಳಿದ ಬೇಲಿ ನಿಂತೇ ಇತ್ತು.

ಎಡವಿದ ಮೇಲಿನ ಕರ್ತವ್ಯಕ್ಕೂ 'ತತ್ತ್ವಾರ್ಥಸೂತ್ರ'ವು ಒಂಬತ್ತು ಬಗೆಯ ಪ್ರಾಯಶ್ಚಿತ್ತಗಳ ಕ್ರಮವನ್ನು ಕೊಡುತ್ತದೆ. ಇವು ಮುಖ್ಯವಾಗಿ ಮುನಿಗಳಿಗೆ ಹೇಳಿದವು. ಮೊದಲನೆಯದು ಆಲೋಚನೆ, ಎಂದರೆ ಆದದ್ದನ್ನು ಇನ್ನೊಬ್ಬರ ಮುಂದೆ ಮುಚ್ಚದೆ ಹೇಳುವುದು. ಎರಡನೆಯದು ಪ್ರತಿಕ್ರಮಣ, ತಪ್ಪಿನಿಂದ ಹಿಂದಿರುಗುವುದು. ದೀಕ್ಷೆಯನ್ನೇ ಹೊಸದಾಗಿ ಕೊಡುವ ಉಪಸ್ಥಾಪನೆ ಒಂಬತ್ತನೆಯದು. ಒಂದು ಲೋಟ ಮಜ್ಜಿಗೆಗೆ ನಾವು ಮೊದಲನೆಯದನ್ನು ಬಿಟ್ಟು ಒಂಬತ್ತನೆಯದಕ್ಕೇ ಹಾರುತ್ತೇವೆ.

ಬಯಕೆಗಳೆಲ್ಲ ಮನಸ್ಸಿನವೇ ಎಂದು ಭಾವಿಸುವುದೂ ತಪ್ಪು. ಅರ್ಧಹೊಟ್ಟೆ ಉಂಡವನಿಗೆ ಸಂಜೆ ತುಪ್ಪದ ಕನಸು ಬೀಳುವುದರಲ್ಲಿ ಆಶ್ಚರ್ಯವಿಲ್ಲ. ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ತೊಗರಿ ಬೇಳೆ ಈ ಜಿಲ್ಲೆಯದು. ಜೋಳದ ರೊಟ್ಟಿ, ಪುಂಡಿ ಪಲ್ಯ, ಎಣ್ಣೆಗಾಯಿ, ಅಗಸಿ ಹಿಂಡಿ ಇವುಗಳಿಗೆ ಹಾಲಿನ ಹಂಗಿಲ್ಲ. ಸೀಕರಣಿಯ ಆಸೆಯಾದಾಗ ನಾವು ಕಮಲಾಪುರದ ಕೆಂಪು ಬಾಳೆಯನ್ನು ಕಿವುಚಿ, ನೆನೆಸಿ ಅರೆದು ಸೋಸಿದ ಶೇಂಗಾ ಹಾಲು ಮತ್ತು ಬೆಲ್ಲ ಬೆರೆಸುತ್ತೇವೆ. ಹಾಲಿನ ಸೀಕರಣಿಯ ರುಚಿ ಅದಕ್ಕಿಲ್ಲ. ಅದೇ ಬೇರೆ ತಿನಿಸು ಎಂದುಕೊಂಡರೆ ಹಿತವಾಗಿದೆ. ಒಂದು ಮಾತ್ರ ಸಸ್ಯಾಹಾರದಿಂದ ಸಾಲುವಷ್ಟು ದೊರೆಯದು: ಬಿ-12 ಜೀವಸತ್ವ. ಅದಕ್ಕೆ ವೈದ್ಯರನ್ನು ಕೇಳಿ ಮಾತ್ರೆಯನ್ನು ತೆಗೆದುಕೊಳ್ಳಲೇಬೇಕು. ಇಲ್ಲಿ ಪರಂಪರೆಯಿಂದ ನೆರವಾಗದು.

ಮರುವರ್ಷದ ಎಳ್ಳಮಾವಾಸ್ಯೆಗೆ ಮೊದಲು ನಾವು ಆ ತಾಯಿಯ ಬಳಿಗೆ ಹೋಗಿ, ಹಿಂದಿನ ವರ್ಷ ನಡೆದದ್ದನ್ನೆಲ್ಲ ಮಾಲಪುರಿಯ ಸಹಿತವಾಗಿ ಹೇಳಿದೆವು. ಅವರು ಬಹಳ ಹೊತ್ತು ನಕ್ಕರು. "ಮೊದಲs ಹೇಳಿದ್ರ ಆಗತಿತ್ತಲ್ಲ ತಮ್ಮಾ" ಎಂದರು. ಹಬ್ಬದ ದಿನ ಮಜ್ಜಿಗೆ ಬೆರೆಸುವ ಮುಂಚೆಯೇ ಒಂದು ಚರಿಗೆಯಷ್ಟು ಅಂಬಲಿಯನ್ನು ತೆಗೆದಿಟ್ಟು, ಅದಕ್ಕೆ ಹುಣಸೆಯ ಹುಳಿ ಹಿಂಡಿದ್ದರು. ಹೋಳಿಗೆಗೆ ಶೇಂಗಾ ಎಣ್ಣೆ ಸವರಿತ್ತು. ಆ ದಿನ ರೊಟ್ಟಿಯ ಜೊತೆ ಬಂದ ಪಲ್ಯವೊಂದರಲ್ಲಿ ಮೊಸರಿದ್ದುದು ಉಂಡ ಮೇಲೆ ತಿಳಿಯಿತು. ಸಂಜೆ ಕಲಬುರಗಿಗೆ ಮರಳಿ ನೇರವಾಗಿ ಮನೆಗೆ ಹೋದೆವು.