ಇಳಿಯುವ ಎಣ್ಣೆ, ಏರುವ ನೀರು

ನಿಮಿಷಕ್ಕೆ ಒಂದೂವರೆ ಲಕ್ಷ ಸುತ್ತು! ಸೆಕೆಂಡಿನ ಲೆಕ್ಕದಲ್ಲಿ 2,500. ನೀವು ಒಮ್ಮೆ ಕಣ್ಣು ಮಿಟುಕಿಸುವಷ್ಟರಲ್ಲಿ ಹೊಗೆಯ ರಭಸಕ್ಕೆ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಟರ್ಬೊಚಾರ್ಜರಿನೊಳಗಿನ ಶಾಫ್ಟು ನೂರಾರು ಸಲ ತಿರುಗಿ ಮುಗಿಸಿರುತ್ತದೆ. ತುದಿಯ ಗಾಳಿಚಕ್ರದ ವ್ಯಾಸ ಬರೀ 50 ಮಿ.ಮೀ. ಇದ್ದರೂ ಅದರ ಅಂಚಿನ ವೇಗ ಸೆಕೆಂಡಿಗೆ 390 ಮೀಟರ್ ದಾಟುತ್ತದೆ, ಅಂದರೆ ಶಬ್ದದ ವೇಗಕ್ಕಿಂತ ಹೆಚ್ಚು. ಶಾಫ್ಟಿನ ಈ ತುದಿಯಲ್ಲಿ ಹೊರಗಿನಿಂದ ಎಳೆದ ತಾಜಾ ಗಾಳಿ, ಕೈಯಗಲದಷ್ಟು ಆಚೆ ಇನ್ನೊಂದು ತುದಿಯಲ್ಲಿ 900 ಡಿಗ್ರಿ ಸೆಲ್ಸಿಯಸ್ ಮುಟ್ಟಬಲ್ಲ ಎಂಜಿನ್ ಹೊಗೆ. ನಡುವೆ ಬೇರಿಂಗುಗಳು. ಅವು ಕರಗಿ ಹೋಗದೆ ವರ್ಷಗಟ್ಟಲೆ ಬಾಳುವುದು ಹೇಗೆ?

ಉತ್ತರ ತಿಳಿದಾಗ ನಾನು ಬೆರಗಾದೆ. ಆ ಶಾಫ್ಟು ಓಡುವಾಗ ಯಾವ ಲೋಹವನ್ನೂ ಮುಟ್ಟುತ್ತಿರುವುದೇ ಇಲ್ಲ! ಅದರ ಸುತ್ತ ಕೊಳವೆಯಂಥ ಒಂದು ಬುಷ್, ಶಾಫ್ಟಿಗೂ ಬುಷ್ಷಿಗೂ ನಡುವೆ ಎಂಜಿನ್ ಆಯಿಲಿನ ಒಂದು ಪೊರೆ. ಬುಷ್ಷಾದರೂ ಗಟ್ಟಿಯಾಗಿ ಕೂತಿದೆಯೇ ಎಂದರೆ ಅದೂ ಇಲ್ಲ. ಅದರ ಹೊರಮೈಗೂ ಎಣ್ಣೆಯ ಪೊರೆ, ಅದೂ ತೇಲುತ್ತ ಶಾಫ್ಟಿಗಿಂತ ನಿಧಾನವಾಗಿ ತಾನೂ ತಿರುಗುತ್ತಿರುತ್ತದೆ. ತೇಲುವುದರೊಳಗೆ ಇನ್ನೊಂದು ತೇಲು! ಎಲ್ಲ ಸೇರಿ ಕೂದಲೆಳೆಯ ಲೆಕ್ಕದ ಸಂದು. ಆ ಸಂದಿನ ಎಣ್ಣೆ ಬರೀ ಜಾರಿಸುವುದಿಲ್ಲ. ಬಿಸಿಯನ್ನು ಹೊತ್ತುಕೊಂಡು ಹೊರಡುವುದೂ ಅದೇ. ಹೊಸದಾಗಿ ಕೂರಿಸಿದ ಟರ್ಬೊಗೆ ಮೊದಲು ಕೈಯಾರೆ ಎಣ್ಣೆ ತುಂಬಿ, ಎಂಜಿನ್ ಚಾಲೂ ಆಗದಂತೆ ಇಗ್ನಿಷನ್ ಕಡಿದಿಟ್ಟು, ಸ್ಟಾರ್ಟರಿನಿಂದ ಎಂಜಿನ್ ತಿರುಗಿಸಿ, ಪೈಪಿನಲ್ಲಿ ಎಣ್ಣೆ ಬಂತೆಂದು ಖಾತ್ರಿಯಾದ ಮೇಲೆಯೇ ಚಾಲೂ ಮಾಡುವುದು ಅದಕ್ಕೇ. ಒಣಗಿದ ಕೆಲವೇ ಸೆಕೆಂಡು ಸಾಕು, ಬೇರಿಂಗಿನ ಕಥೆ ಮುಗಿಯಿತು.

ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ 1905ರಲ್ಲೇ ಈ ಯಂತ್ರದ ಮೂಲ ಯೋಚನೆಗೆ ಪೇಟೆಂಟ್ ಪಡೆದಿದ್ದರು. ಕಾರ್ಖಾನೆಯಲ್ಲೇ ಟರ್ಬೊ ಕೂರಿಸಿದ ಕಾರುಗಳು ಅಮೆರಿಕದ ರಸ್ತೆಗೆ ಬಂದದ್ದು 1962ರಲ್ಲಿ. ಆದರೆ ನನಗೆ ಅಚ್ಚರಿ ಇಮ್ಮಡಿಸುವುದು ಟರ್ಬೊ ಇಲ್ಲದೆ ಹುಟ್ಟಿದ ಕಾರಿಗೆ ಅದನ್ನು ಆಮೇಲೆ ಜೋಡಿಸುವವರ ಕೆಲಸ ನೋಡಿದಾಗ. 1989ರಲ್ಲಿ ಶಿಕಾಗೊ ಪ್ರದರ್ಶನದಲ್ಲಿ ಕಾಣಿಸಿಕೊಂಡ ಮಜ್ದಾ ಎಂಎಕ್ಸ್-5 ತೆಗೆದುಕೊಳ್ಳಿ. ಎರಡೇ ಸೀಟು, 1.6 ಲೀಟರ್ ಎಂಜಿನ್, ಟರ್ಬೊ ಇಲ್ಲ. ಅಮೆರಿಕದ ಹವ್ಯಾಸಿಗಳು ಬಿಟ್ಟಾರೆಯೇ! ಆಯಿಲ್ ಪ್ರೆಷರ್ ಸೆನ್ಸರ್ ಕೂತ ಜಾಗದಲ್ಲಿ ಟಿ ಆಕಾರದ ಒಂದು ಕವಲು ಜೋಡಿಸಿ, ಅಲ್ಲಿಂದ ತೆಳ್ಳನೆಯ ಹೋಸಿನಲ್ಲಿ ಟರ್ಬೊದ ನೆತ್ತಿಗೆ ಎಣ್ಣೆ ಕೊಟ್ಟರು. ಒಳಗೆ ಹೋದ ಎಣ್ಣೆ ವಾಪಸು ಬರಬೇಕಲ್ಲ, ಅದಕ್ಕೆ ಎಂಜಿನ್ನಿನ ತಳದ ಎಣ್ಣೆ ತೊಟ್ಟಿಗೇ, ಅಂದರೆ ಆಯಿಲ್ ಸಂಪಿಗೇ, ತೂತು ಕೊರೆದರು. ಕೊರೆದ ಲೋಹದ ಚೂರು ಒಳಗೆ ಬೀಳದಿರಲೆಂದು ಡ್ರಿಲ್ ಬಿಟ್ಟಿಗೆ ಗ್ರೀಸ್ ಮೆತ್ತುವ ಎಚ್ಚರ ಬೇರೆ!

ಈ ಎರಡು ಪೈಪುಗಳನ್ನು ಅಕ್ಕಪಕ್ಕ ಹಿಡಿದು ನೋಡಿ. ಒಳಗೆ ಹೋಗುವುದು ಸಪೂರ, ಹೊರಗೆ ಬರುವುದು ಹೆಬ್ಬೆರಳ ಗಾತ್ರ. ಹೋದಷ್ಟೇ ಎಣ್ಣೆ ತಾನೇ ಬರಬೇಕು, ದಾರಿ ಯಾಕಿಷ್ಟು ದೊಡ್ಡದು? ಏಕೆಂದರೆ ಹೋದದ್ದು ಎಣ್ಣೆ, ಬರುವುದು ನೊರೆ! ಲಕ್ಷ ಸುತ್ತಿನ ಶಾಫ್ಟು ಅದನ್ನು ಕಡೆದು ಗಾಳಿ ತುಂಬಿಸಿಬಿಟ್ಟಿರುತ್ತದೆ. ಪಂಪಿನ ಒತ್ತಡವೆಲ್ಲ ಬೇರಿಂಗಿನ ಸಂದಿನಲ್ಲೇ ಖರ್ಚಾಗಿ, ಕೆಳಗಿಳಿಯಲು ಉಳಿಯುವುದು ಭೂಮಿಯ ಸೆಳೆತವೊಂದೇ. ಶಬ್ದವನ್ನು ಹಿಂದಿಕ್ಕುವ ಯಂತ್ರದ ಆಯುಸ್ಸು ಕೊನೆಗೆ ನಿಂತಿರುವುದು ಎಣ್ಣೆ ತನ್ನ ಭಾರಕ್ಕೆ ತಾನೇ ಇಳಿಯುವುದರ ಮೇಲೆ! ಆ ಪೈಪು ಎಲ್ಲೂ ಮೇಲೇರಬಾರದು, ಕೊಂಕಬಾರದು, ಸಂಪಿನ ಎಣ್ಣೆ ಮಟ್ಟಕ್ಕಿಂತ ಮೇಲೆಯೇ ಸೇರಬೇಕು.

ಸೇರದಿದ್ದರೆ? ನೊರೆ ಹಿಂದಕ್ಕೆ ತುಂಬಿಕೊಳ್ಳುತ್ತದೆ. ಟರ್ಬೊದ ಸೀಲು ರಬ್ಬರಿನದಲ್ಲ, ಆ ಕಾವಿಗೆ ರಬ್ಬರ್ ಉಳಿಯುವುದೇ ಇಲ್ಲ. ಅದು ಪಿಸ್ಟನ್ ರಿಂಗಿನಂಥ ಲೋಹದ ಉಂಗುರ. ಎಣ್ಣೆಯನ್ನು ಒಳಗೆ ತಡೆದಿಡುವುದರಲ್ಲಿ ಹೊರಗಿನ ಅನಿಲದ ಒತ್ತಡದ್ದೇ ದೊಡ್ಡ ಪಾಲು. ಒಳಗೆ ಎಣ್ಣೆ ಮಡುಗಟ್ಟಿದರೆ ಉಂಗುರ ದಾಟಿ ಸೈಲೆನ್ಸರಿನಿಂದ ನೀಲಿ ಹೊಗೆ. ಟರ್ಬೊ ಹಾಳಾಯಿತೆಂದು ಬಿಚ್ಚಿ ಎಸೆಯುವ ಮೊದಲು ಆ ದಪ್ಪ ಪೈಪನ್ನೊಮ್ಮೆ ನೋಡಿ ಎಂದು ಕೂಗಿ ಹೇಳಬೇಕೆನಿಸುತ್ತದೆ ನನಗೆ. ತೇಲುವ ಬುಷ್ಷಿನ ಬದಲು ಗುಂಡುಗಳಿರುವ ಬಾಲ್ ಬೇರಿಂಗ್ ಟರ್ಬೊಗಳಿಗಂತೂ ಎಣ್ಣೆ ಹೆಚ್ಚಾದರೂ ತೊಂದರೆ. ಎಣ್ಣೆ ಒಳಹೋಗುವ ದಾರಿಯಲ್ಲಿ ಸುಮಾರು ಒಂದು ಮಿ.ಮೀ. ತೂತಿನ ತಡೆ ಇಟ್ಟು ಅಳೆದು ಕೊಡುತ್ತಾರೆ.

ಇನ್ನು ನೀರು. ಹಲವು ಟರ್ಬೊಗಳ ನಡುಭಾಗದಲ್ಲಿ ಕೂಲೆಂಟ್ ಹರಿಯುವ ಪೊಳ್ಳುದಾರಿಯಿದೆ. ಕಾರು ಓಡುವಾಗ ತಂಪಿಡಲು ಇರಬೇಕು ಎಂದುಕೊಳ್ಳುತ್ತೇವೆ. ಆದರೆ ಅದರ ದೊಡ್ಡ ಕೆಲಸ ಶುರುವಾಗುವುದು ಕೀ ತಿರುಗಿಸಿ ಎಂಜಿನ್ ನಿಲ್ಲಿಸಿದ ಮೇಲೆ! ಪಂಪುಗಳು ನಿಂತವು, ಎಣ್ಣೆಯ ಹರಿವೂ ನಿಂತಿತು. ಆದರೆ ಹೊಗೆಯ ಕಡೆಯ ದಪ್ಪ ಎರಕದ ಕಬ್ಬಿಣದಲ್ಲಿ ತುಂಬಿಕೊಂಡ ಕಾವು ಎಲ್ಲಿ ಹೋಗಬೇಕು? ಶಾಫ್ಟಿನಗುಂಟ ಬೇರಿಂಗಿನತ್ತ ಬರುತ್ತದೆ. ಓಡುವಾಗ ಇದ್ದುದಕ್ಕಿಂತ ನಿಂತ ಮೇಲೆಯೇ ಅಲ್ಲಿ ಬಿಸಿ ಜಾಸ್ತಿ! ಅಲ್ಲೇ ಉಳಿದ ಎಣ್ಣೆ ಸುಟ್ಟು ಕರಿಯಾಗಿ ಗಟ್ಟಿಕಟ್ಟುತ್ತದೆ, ದಾರಿ ಮುಚ್ಚುತ್ತದೆ. ಎಣ್ಣೆಯೊಂದನ್ನೇ ನಂಬಿದ್ದ ಹಳೆಯ ಟರ್ಬೊಗಳ ದೊಡ್ಡ ಶತ್ರು ಇದೇ. ನಿಲ್ಲಿಸುವ ಮೊದಲು ಸ್ವಲ್ಪ ಹೊತ್ತು ಐಡ್ಲಿಂಗಿನಲ್ಲಿ ಬಿಡಿ ಎಂಬ ಚಾಲಕರ ಬುದ್ಧಿಮಾತು ಬಂದದ್ದು, ಕೀ ತೆಗೆದರೂ ಎಂಜಿನ್ ಓಡಿಸುವ ಟರ್ಬೊ ಟೈಮರುಗಳು ಬಂದದ್ದು ಇದರಿಂದಲೇ.

ನೀರು ಇದನ್ನು ಬಿಡಿಸುವ ರೀತಿ ಎಷ್ಟು ಸರಳ! ಬಚ್ಚಲ ಹಂಡೆಯಲ್ಲಿ ಕಾದ ನೀರು ಮೇಲೆ ಬಂದು ತಣ್ಣನೆಯದು ಕೆಳಗಿಳಿಯುತ್ತದಲ್ಲ, ಅದೇ ಇಲ್ಲಿಯೂ. ಟರ್ಬೊದೊಳಗಿನ ಕೂಲೆಂಟ್ ಕಾದು ಹಗುರಾಗಿ ಮೇಲಿನ ಬಾಯಿಯಿಂದ ಏರಿ ಹೊರಡುತ್ತದೆ, ಖಾಲಿಯಾದ ಜಾಗಕ್ಕೆ ಕೆಳಗಿನ ಬಾಯಿಯಿಂದ ತಂಪಿನದು ನುಗ್ಗುತ್ತದೆ. ಪಂಪಿಲ್ಲ, ವಿದ್ಯುತ್ತಿಲ್ಲ, ಕಾರಿನಲ್ಲಿ ಯಾರೂ ಇಲ್ಲ, ಆದರೂ ಹರಿವು ನಡೆದೇ ಇರುತ್ತದೆ! ಕರಾರು ಒಂದೇ: ಒಳಬರುವ ಹೋಸು ಕೆಳಗಿನ ಬಾಯಿಗೆ, ಹೊರಹೋಗುವುದು ಮೇಲಿನದಕ್ಕೆ, ಅಲ್ಲಿಂದ ಮುಂದೆ ಒಂದೇ ಸಮನೆ ಏರುದಾರಿ.

ಇಲ್ಲೇ ಜೋಡಿಸುವವನ ಕೈಚಳಕ. ಎರಡು ನೀರಿನ ಬಾಯಿಗಳೂ ಒಂದೇ ಮಟ್ಟದಲ್ಲಿದ್ದರೆ ನೀರು ಎತ್ತ ಏರೀತು? ಬೋಲ್ಟ್ ಸಡಿಲಿಸಿ ಟರ್ಬೊದ ನಡುಭಾಗವನ್ನು ಅದರ ಅಕ್ಷದ ಸುತ್ತ ಸುಮಾರು 20 ಡಿಗ್ರಿ ವಾಲಿಸಬೇಕು, ಆಗ ಒಂದು ಬಾಯಿ ಮೇಲಾಗಿ ಇನ್ನೊಂದು ಕೆಳಗಾಗುತ್ತದೆ. ಆದರೆ ಅದರೊಂದಿಗೆ ಎಣ್ಣೆ ಇಳಿಯುವ ಬಾಯಿಯೂ ವಾಲುತ್ತದೆ! ಅದು ನೇರ ಕೆಳಮುಖದಿಂದ 35 ಡಿಗ್ರಿಗಿಂತ ಆಚೆ ಹೋಗಬಾರದು. ಇಳಿಯಬೇಕಾದ ಎಣ್ಣೆಗೂ ಏರಬೇಕಾದ ನೀರಿಗೂ ಒಪ್ಪಿಗೆಯಾಗುವ ಆ ಕೆಲವು ಡಿಗ್ರಿಗಳ ನಡುವೆ ಟರ್ಬೊ ಹಿಡಿದು ಬೋಲ್ಟ್ ಬಿಗಿಯುತ್ತಾರೆ.