ಎಳೆಯುವ ಗಾಡಿ ಹಿಂದಕ್ಕೆ ಕುಸಿಯುವುದೇಕೆ?

ಮಕ್ಕಳೇ, ಹುಣಸೂರು, ಪಿರಿಯಾಪಟ್ಟಣದ ಕಡೆ ತಂಬಾಕು ಬ್ಯಾರನ್‌ಗಳಿಗೆ ಸೌದೆ ಹೊತ್ತ ಟ್ರಾಕ್ಟರ್‌ಗಳು ಓಡಾಡುತ್ತವೆ. ಕೆ.ಆರ್. ನಗರದಲ್ಲಿ ಭತ್ತ, ಕಬ್ಬು, ಎಚ್.ಡಿ. ಕೋಟೆಯಲ್ಲಿ ಹತ್ತಿಯ ಮೂಟೆ. ಇಂಥ ಟ್ರಾಕ್ಟರ್ ಏರು ಹತ್ತುವಾಗ ಮುಂದಿನ ಚಕ್ರಗಳು ನೆಲ ಬಿಟ್ಟು ಮೇಲೇಳುವುದನ್ನು ನೀವು ನೋಡಿರಬಹುದು. ಟ್ರೇಲರ್ ಎಳೆಯುವ ಪಿಕಪ್ ಗಾಡಿಯಾದರೆ ಅದರ ಹಿಂಭಾಗ ಕೆಳಕ್ಕೆ ಕುಸಿದು ಮೂತಿ ಮೇಲಾಗುತ್ತದೆ. ಇದೇಕೆ ಹೀಗೆ? ತಿಳಿಯೋಣ ಬನ್ನಿ.

ಮೊದಲು ಎತ್ತಿನ ಗಾಡಿಯನ್ನು ನೆನೆಯಿರಿ. ಅದಕ್ಕೆ ಎರಡೇ ಚಕ್ರ. ಹಿಂದೆ ಹೆಚ್ಚು ಹೇರಿದರೆ ಮೂಕಿ ಮೇಲೇಳುತ್ತದೆ, ಕೊರಳ ಹಗ್ಗ ಎತ್ತುಗಳ ಗಂಟಲನ್ನು ಒತ್ತುತ್ತದೆ. ಮುಂದೆ ಹೆಚ್ಚು ಹೇರಿದರೆ ನೊಗದ ಭಾರಕ್ಕೆ ಎತ್ತುಗಳ ಹೆಗಲು ನೋಯುತ್ತದೆ. ಅದಕ್ಕೇ ತಿಳಿದವರು ಮೂಕಿಯನ್ನು ಕೈಯಿಂದ ಎತ್ತಿ ನೋಡಿ ಮೂಟೆಗಳನ್ನು ಹಿಂದೆ ಮುಂದೆ ಸರಿಸುತ್ತಾರೆ. ಇದು ನೀವು ಪಾಠದಲ್ಲಿ ಓದಿದ ಸನ್ನೆಯೇ. ಚಕ್ರದ ಅಚ್ಚು ಇದರ ಆನಿಕೆ.

ಮಾಡಿ ನೋಡಿ: ಪೆನ್ಸಿಲ್ ಮೇಲೆ 30 ಸೆಂ.ಮೀ. ಅಳತೆಪಟ್ಟಿಯನ್ನು ಸಮವಾಗಿ ನಿಲ್ಲಿಸಿ. ಒಂದು ಕಡೆ, ಪೆನ್ಸಿಲ್‌ನಿಂದ 10 ಸೆಂ.ಮೀ. ದೂರದಲ್ಲಿ ಒಂದು ನಾಣ್ಯ ಇಡಿ. ಇನ್ನೊಂದು ಕಡೆ 5 ಸೆಂ.ಮೀ. ದೂರದಲ್ಲಿ ಅಂಥದೇ ಎರಡು ನಾಣ್ಯ ಇಡಿ. ಪಟ್ಟಿ ಸಮವಾಗುತ್ತದೆ! ಭಾರವನ್ನು ದೂರದಿಂದ ಗುಣಿಸಿದರೆ ಎರಡೂ ಕಡೆ ಒಂದೇ ಉತ್ತರ.

ಈಗ ಟ್ರಾಕ್ಟರ್‌ಗೆ ಬರೋಣ. ಎರಡು ಚಕ್ರದ ಟ್ರೇಲರ್‌ನ ಮೂಕಿ ಟ್ರಾಕ್ಟರಿನ ಕೊಂಡಿಯ ಮೇಲೆ ಕೂತಿರುತ್ತದೆ. ಕೊಂಡಿ ಹಿಂದಿನ ಅಚ್ಚಿನಿಂದ ಅರ್ಧ ಮೀಟರ್ ಹಿಂದಿದೆ, ಮುಂದಿನ ಅಚ್ಚು 2 ಮೀಟರ್ ಮುಂದಿದೆ ಎಂದುಕೊಳ್ಳಿ. ಕೊಂಡಿಯ ಮೇಲೆ 400 ಕಿಲೋ ಭಾರ ಬಿದ್ದರೆ, 400 × ½ = 200. ಇದನ್ನು 2ರಿಂದ ಭಾಗಿಸಿದರೆ 100. ಅಂದರೆ ಮುಂದಿನ ಚಕ್ರಗಳ ಮೇಲಿದ್ದ ಭಾರದಲ್ಲಿ 100 ಕಿಲೋ ಕಡಿಮೆಯಾಯಿತು! ಅದು ಎಲ್ಲಿಗೆ ಹೋಯಿತು? ಹಿಂದಿನ ಚಕ್ರಗಳಿಗೆ. ಅವುಗಳ ಮೇಲೆ ಈಗ 400 ಅಲ್ಲ, 500 ಕಿಲೋ ಹೆಚ್ಚುವರಿ ಭಾರ. ಏರಿನಲ್ಲಿ ಜೋರಾಗಿ ಎಳೆಯುವಾಗ ಮುಂಭಾಗ ಇನ್ನೂ ಹಗುರವಾಗುತ್ತದೆ.

ಪಿಕಪ್‌ನಲ್ಲಿ ನಡೆಯುವುದೂ ಇದೇ. ಅದರ ಹಿಂದಿನ ಅಚ್ಚಿನ ಮೇಲೆ ಬಿಲ್ಲಿನಂತೆ ಬಾಗಿದ ಉಕ್ಕಿನ ಸ್ಪ್ರಿಂಗ್ ಪಟ್ಟಿಗಳಿರುತ್ತವೆ. ಭಾರಕ್ಕೆ ಅವು ಚಪ್ಪಟೆಯಾಗುವುದರಿಂದ ಹಿಂಭಾಗ ಕುಸಿಯುತ್ತದೆ. ಗಾಡಿಯನ್ನು ತಿರುಗಿಸುವುದು ಮುಂದಿನ ಚಕ್ರಗಳು. ಅವು ನೆಲವನ್ನು ಗಟ್ಟಿಯಾಗಿ ಒತ್ತದಿದ್ದರೆ ಸ್ಟಿಯರಿಂಗ್ ತಿರುಗಿಸಿದರೂ ಗಾಡಿ ಮಾತು ಕೇಳುವುದಿಲ್ಲ. ರಾತ್ರಿ ದೀಪದ ಬೆಳಕು ಮೇಲೇರಿ ಎದುರಿನವರ ಕಣ್ಣಿಗೆ ರಾಚುತ್ತದೆ.

ಹಾಗಾದರೆ ಹಿಂದೆ ಇನ್ನೊಂದು ಸ್ಪ್ರಿಂಗ್ ಪಟ್ಟಿ ಸೇರಿಸಿದರೆ ಸಾಕಲ್ಲವೇ? ಸಾಲದು. ಗಾಡಿ ನೋಡಲು ನೆಟ್ಟಗಾಗುತ್ತದೆ, ಆದರೆ ಮುಂದಿನ ಚಕ್ರಗಳು ಕಳೆದುಕೊಂಡ ಭಾರ ಹಿಂತಿರುಗುವುದಿಲ್ಲ.

ಸರಿಯಾದ ಉಪಾಯ ಹೇರುವುದರಲ್ಲೇ ಇದೆ. ಭಾರವಾದ ಮೂಟೆಗಳನ್ನು ಟ್ರೇಲರಿನ ಅಚ್ಚಿನ ಮೇಲೆ, ತುಸು ಮುಂದಕ್ಕೆ ಇಡಬೇಕು. ಪೂರ್ತಿ ಹಿಂದಕ್ಕೆ ಇಡಬಾರದು. ಆಗ ಕೊಂಡಿ ಮೇಲಕ್ಕೆ ಎಳೆದಂತಾಗಿ, ವೇಗದಲ್ಲಿ ಟ್ರೇಲರ್ ಬಾಲದಂತೆ ಅತ್ತಿತ್ತ ಓಲಾಡುತ್ತದೆ. ಮಿತಿಗಿಂತ ಹೆಚ್ಚು ಹೇರಲೂಬಾರದು. ಟ್ರಾಕ್ಟರಿನ ಮೂತಿಗೆ ಕಬ್ಬಿಣದ ತೂಕದ ಗಟ್ಟಿಗಳನ್ನು ಕಟ್ಟುವುದೂ ಇದೇ ಕಾರಣಕ್ಕೆ. ನಾಲ್ಕು ಚಕ್ರದ ಟ್ರೇಲರ್ ತನ್ನ ಭಾರವನ್ನು ಬಹುಪಾಲು ತಾನೇ ಹೊರುತ್ತದೆ.

ಅಮೆರಿಕದಲ್ಲಿ ಪುಟ್ಟ ಮನೆಯಂಥ ಟ್ರೇಲರ್‌ಗಳನ್ನು ಪಿಕಪ್‌ಗೆ ಕಟ್ಟಿ ಪ್ರವಾಸ ಹೋಗುತ್ತಾರೆ. ಟ್ರೇಲರ್ ತೂಕದ ನೂರರಲ್ಲಿ 10ರಿಂದ 15 ಭಾಗ ಕೊಂಡಿಯ ಮೇಲಿರಬೇಕೆಂಬುದು ಅಲ್ಲಿನ ರೂಢಿ. ಕೊಂಡಿಯಿಂದ ಮೂಕಿಗೆ ಎರಡು ಉಕ್ಕಿನ ಸರಳುಗಳನ್ನು ಬಿಗಿಯುವುದೂ ಉಂಟು. ಅವು ಸನ್ನೆಯಂತೆ ಕೆಲಸ ಮಾಡಿ, ಸ್ವಲ್ಪ ಭಾರವನ್ನು ಪಿಕಪ್‌ನ ಮುಂದಿನ ಚಕ್ರಗಳಿಗೂ ಟ್ರೇಲರಿನ ಚಕ್ರಗಳಿಗೂ ಹಂಚುತ್ತವೆ. ಮೂಕಿ ಎತ್ತಿ ನೋಡುವ ನಮ್ಮ ರೈತರ ಲೆಕ್ಕವೂ ಇದೇ ಅಲ್ಲವೇ?

ಕೊನೆಗೊಂದು ಮಾತು. ಓಡುವ ಟ್ರೇಲರಿನ ಹಿಂದೆ ಜೋತುಬೀಳಬೇಡಿ, ಕಬ್ಬು ಎಳೆಯಲು ಓಡಬೇಡಿ, ಮೂಕಿಯ ಮೇಲೆ ಕೂರಬೇಡಿ. ಮುಂದಿನ ಚಕ್ರ ಹಗುರವಾದ ಗಾಡಿ ಯಾವಾಗ ಎತ್ತ ಹೊರಳುತ್ತದೆಂದು ಅದರ ಚಾಲಕನಿಗೂ ತಿಳಿಯದು. ದೂರ ನಿಂತು ನೋಡಿ: ಮೂತಿ ಮೇಲೇರಿದೆಯೇ? ಹಾಗಿದ್ದರೆ ಭಾರ ಎಲ್ಲಿ ಹೆಚ್ಚಾಗಿದೆ ಎಂದು ನೀವೇ ಹೇಳಬಲ್ಲಿರಿ.