ಫಿಲ್ಟರ್ ಹೊಸದು, ಧೂಳು ಒಳಗೇ

ಓದುಗರೊಬ್ಬರು ಕೇಳಿದ್ದಾರೆ: ‘ಸರ್ವೀಸಿಗೆ ಬಿಟ್ಟಿದ್ದ ಬೈಕು ಮನೆಗೆ ಬಂದಮೇಲೆ ನೋಡಿದರೆ ಏರ್ ಫಿಲ್ಟರ್ ಡಬ್ಬಿಯ ಮುಚ್ಚಳ ಒಂದು ಕಡೆ ಸರಿಯಾಗಿ ಕೂತಿಲ್ಲ. ಮೆಕ್ಯಾನಿಕ್ ಏನೂ ಆಗಲ್ಲ ಬಿಡಿ ಸಾರ್ ಅಂತಾರೆ. ಗೆಳೆಯ, ಏರ್ ಎಳೆದು ಪಿಕಪ್ ಹೋಗುತ್ತೆ ಅಂತಾನೆ. ಯಾರ ಮಾತು ನಂಬಲಿ?’

ಇಬ್ಬರನ್ನೂ ಪೂರ್ತಿ ನಂಬಬೇಡಿ. ಮೊದಲು ಗೆಳೆಯನ ಮಾತು. ಒಂದು ಕೆ.ಜಿ. ಪೆಟ್ರೋಲ್ ಸರಿಯಾಗಿ ಉರಿಯಲು ಸುಮಾರು 14.7 ಕೆ.ಜಿ. ಗಾಳಿ ಬೇಕು. ಗಾಳಿಯ ಪಾಲು ಹೆಚ್ಚಿದರೆ ಮಿಶ್ರಣ ತೆಳುವಾಗುತ್ತದೆ, ಎಂಜಿನ್ ಕಾಯುತ್ತದೆ, ಮಿಸ್ಸಿಂಗ್ ಶುರುವಾಗುತ್ತದೆ. ಇದೆಲ್ಲ ನಿಜ. ಆದರೆ ಗಾಳಿ ನುಸುಳುತ್ತಿರುವುದು ಎಲ್ಲಿಂದ? ಕಾರ್ಬ್ಯುರೇಟರಿಗೂ ಎಂಜಿನ್ನಿಗೂ ನಡುವಿನ ರಬ್ಬರ್ ಸೀಳಿದ್ದರೆ ಹೊರಗಾಳಿ ಪೆಟ್ರೋಲನ್ನು ಮುಟ್ಟದೆ ನೇರವಾಗಿ ಸಿಲಿಂಡರಿಗೆ ಹೋಗುತ್ತದೆ. ಆಗ ಗಾಡಿ ಸ್ಲೋದಲ್ಲಿ ನಿಲ್ಲುವುದೇ ಇಲ್ಲ. ಫಿಲ್ಟರ್ ಡಬ್ಬಿಯ ಸಂಗತಿ ಬೇರೆ. ಅದು ಇರುವುದು ಕಾರ್ಬ್ಯುರೇಟರಿಗಿಂತ ಮೊದಲು. ಅಲ್ಲಿನ ಸಂದಿಯಿಂದ ಬಂದ ಗಾಳಿಯೂ ಕಾರ್ಬ್ಯುರೇಟರಿನ ಕಿರಿದಾದ ಕೊರಳನ್ನೇ ಹಾಯಬೇಕು. ಹಾಯುವಾಗ ತನ್ನ ಪಾಲಿನ ಪೆಟ್ರೋಲನ್ನು ಸೆಳೆದುಕೊಂಡೇ ಹೋಗುತ್ತದೆ. ಡಬ್ಬಿಯೊಳಗಿನ ಅಲ್ಪ ನಿರ್ವಾತವನ್ನೂ ಲೆಕ್ಕಕ್ಕೆ ಹಿಡಿದೇ ಜೆಟ್ಟಿನ ಅಳತೆ ಗೊತ್ತುಮಾಡಿರುತ್ತಾರೆ. ಹಾಗಾಗಿ ಸಂದಿ ದೊಡ್ಡದಾದರೆ, ಅದರಲ್ಲೂ ಆಕ್ಸಿಲರೇಟರ್ ಪೂರ್ತಿ ತಿರುವಿದಾಗ, ಮಿಶ್ರಣ ತುಸು ತೆಳುವಾದೀತು. ಅಷ್ಟೇ. 2020ರಲ್ಲಿ ಬಿಎಸ್-6 ಬಂದಮೇಲೆ ಬಹಳಷ್ಟು ಬೈಕುಗಳಿಗೆ ಇಂಜೆಕ್ಷನ್ ಬಂತು. ಇವುಗಳಲ್ಲಿ ಹಲವು ಥ್ರಾಟಲ್ ದಾಟಿದ ಮೇಲಿನ ಒತ್ತಡವನ್ನು ನೋಡಿ ಪೆಟ್ರೋಲ್ ಸಿಂಪಡಿಸುತ್ತವೆ. ಡಬ್ಬಿಯ ಸಣ್ಣ ಸಂದಿ ಅವುಗಳ ಲೆಕ್ಕವನ್ನು ಕೆಡಿಸುವುದೇ ಇಲ್ಲ.

ಹೀಗೆ ಸವಾರನಿಗೆ ಏನೂ ಗೊತ್ತಾಗದಿರುವುದೇ ಇಲ್ಲಿನ ಅಪಾಯ. ಕೆಲವರಿಗಂತೂ ಪಿಕಪ್ ಹೆಚ್ಚಿತು ಅನ್ನಿಸುತ್ತದೆ. ಅದು ಬಹುಪಾಲು ಕಿವಿಯ ಮೋಸ. ಫಿಲ್ಟರ್ ಡಬ್ಬಿ ಗಾಳಿ ಎಳೆಯುವ ಸದ್ದನ್ನು ಅಡಗಿಸುವ ಪೆಟ್ಟಿಗೆಯೂ ಹೌದು. ಅದರ ಗಾತ್ರ, ಮೂತಿಯ ಉದ್ದ ಎಲ್ಲವೂ 19ನೇ ಶತಮಾನದ ಜರ್ಮನ್ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಬಿಡಿಸಿಟ್ಟ ಅನುರಣನದ ಲೆಕ್ಕದ ಮೇಲೆ ನಿಂತಿವೆ. ಸಂದಿ ಬಿದ್ದರೆ ಗುರ್ ಎನ್ನುವ ಸದ್ದು ಹೊರಬರುತ್ತದೆ, ನಾವು ಅದನ್ನು ಶಕ್ತಿ ಎಂದುಕೊಳ್ಳುತ್ತೇವೆ. ಡಬ್ಬಿಗೆ ತೂತು ಕೊರೆದು ‘ಪವರ್ ಹೆಚ್ಚಿಸಿಕೊಂಡ’ ಎಷ್ಟೋ ವೀರರ ಕಥೆಯೂ ಇದೇ.

ನಿಜವಾದ ಕೇಡು ಧೂಳಿನದು. ಒಂದು ಲೀಟರ್ ಪೆಟ್ರೋಲ್ ಉರಿಯುವಷ್ಟರಲ್ಲಿ ಎಂಜಿನ್ ಸುಮಾರು 9,000 ಲೀಟರ್ ಗಾಳಿ ಕುಡಿದಿರುತ್ತದೆ. ಆ ಗಾಳಿಯೊಡನೆ 100 ಗ್ರಾಂ ಧೂಳು ಬಂದು ಸೇರುವಷ್ಟು ದೂರ ಗಾಡಿ ಓಡಿತು ಎನ್ನಿ. ನೂರಕ್ಕೆ 99.5 ಪಾಲು ಧೂಳು ಹಿಡಿಯುವ ಫಿಲ್ಟರ್ ಇದ್ದರೆ ಒಳಗೆ ಹೋಗುವುದು ಅರ್ಧ ಗ್ರಾಂ. ಈಗ ಗಾಳಿಯ ನೂರರಲ್ಲಿ ಒಂದೇ ಪಾಲು ಮುಚ್ಚಳದ ಸಂದಿಯಿಂದ ಬರಲಿ. ಅದರ ಜೊತೆ ಒಂದು ಗ್ರಾಂ ಧೂಳು ಸೋಸದೆ ನುಗ್ಗಿತು. ಒಟ್ಟು ಒಂದೂವರೆ ಗ್ರಾಂ, ಅಂದರೆ ಮೂರು ಪಟ್ಟು! ದುಬಾರಿ ಫಿಲ್ಟರ್ ತಂದು 99.9 ಪಾಲು ಹಿಡಿಸಿದರೂ ಒಂದು ಗ್ರಾಂ ತಪ್ಪಿದ್ದಲ್ಲ. ಸೊಳ್ಳೆ ಪರದೆಯ ಅಂಚನ್ನು ಹಾಸಿಗೆಯ ಕೆಳಗೆ ಸಿಕ್ಕಿಸದೆ ಮಲಗಿದ ಹಾಗೆ ಇದು. ಪರದೆಯ ಕಣ್ಣು ಎಷ್ಟು ಸಣ್ಣದಿದ್ದರೇನು? ಸೊಳ್ಳೆಗಾದರೂ ಆ ಸಂದು ಹುಡುಕುವ ಕಷ್ಟವಿದೆ. ಗಾಳಿಗೆ ಅದೂ ಇಲ್ಲ, ತಡೆ ಕಡಿಮೆಯಿದ್ದ ಕಡೆಗೆ ತಾನಾಗಿ ಹರಿಯುತ್ತದೆ. ಫಿಲ್ಟರ್ ಕೊಳೆತುಂಬಿ ಕಟ್ಟಿಕೊಂಡಷ್ಟೂ ಸಂದಿಯಿಂದ ಬರುವ ಪಾಲು ಹೆಚ್ಚುತ್ತ ಹೋಗುತ್ತದೆ.

ಅಷ್ಟು ಚಿಟಿಕೆ ಧೂಳು ಏನು ಮಾಡೀತು? ಪಿಸ್ಟನ್ ರಿಂಗಿಗೂ ಸಿಲಿಂಡರಿಗೂ ನಡುವೆ ಇರುವ ಆಯಿಲ್ ಪದರದ ದಪ್ಪ ಕೆಲವೇ ಮೈಕ್ರಾನ್. ತಲೆಗೂದಲು ಸುಮಾರು 70 ಮೈಕ್ರಾನ್. ರಸ್ತೆಯ ಧೂಳಿನಲ್ಲಿರುವ ಸ್ಫಟಿಕ ಶಿಲೆಯ ಕಣ ಮೋಹ್ಸ್ ಅಳತೆಯಲ್ಲಿ 7, ಎರಕದ ಕಬ್ಬಿಣಕ್ಕಿಂತ ಗಡಸು. ಕಣ್ಣಿಗೆ ಕಾಣದ ಐದು, ಹತ್ತು, ಇಪ್ಪತ್ತು ಮೈಕ್ರಾನ್ ಕಣಗಳೇ ಆ ಪದರದೊಳಗೆ ಸಿಕ್ಕಿ ಗೀರುತ್ತವೆ. ರಿಂಗ್ ಸವೆಯುತ್ತದೆ, ಕಂಪ್ರೆಷನ್ ಸೋರುತ್ತದೆ, ಆಯಿಲ್ ಮೇಲೇರಿ ನೀಲಿ ಹೊಗೆ ಬರುತ್ತದೆ. ಪಿಕಪ್ ಹೋಗುವುದು ಆಗ. ಅಷ್ಟರಲ್ಲಿ ಬೋರ್ ಮಾಡಿಸುವ ಖರ್ಚು ಬಾಗಿಲಿಗೆ ಬಂದಿರುತ್ತದೆ. ಸಂಡೂರಿನ ಕಡೆ ಅದಿರು ಲಾರಿಗಳ ಹಿಂದೆ ದಿನವೂ ಬೈಕು ಓಡಿಸುವವರಿಗೆ ಇದು ಇನ್ನೂ ಬೇಗ ಬರುತ್ತದೆ.

ಧೂಳಿನ ಮುಂದೆ ಭಾರೀ ಯಂತ್ರಗಳೂ ಮಂಡಿಯೂರಿವೆ. 1942ರಲ್ಲಿ ಸೋವಿಯತ್ ದೇಶ ತನ್ನ ಹೆಮ್ಮೆಯ ಟಿ-34 ಟ್ಯಾಂಕೊಂದನ್ನು ಅಮೆರಿಕದ ಮೇರಿಲ್ಯಾಂಡಿನ ಅಬರ್ಡೀನ್ ಪರೀಕ್ಷಾ ಮೈದಾನಕ್ಕೆ ಕಳುಹಿಸಿತು. ಹನ್ನೆರಡು ಸಿಲಿಂಡರಿನ, 500 ಅಶ್ವಶಕ್ತಿಯ ಡೀಸೆಲ್ ಎಂಜಿನ್. ಅದು 343 ಕಿ.ಮೀ. ಓಡಿ ಕೆಟ್ಟು ನಿಂತಿತು, ರಿಪೇರಿಗೂ ಒಗ್ಗಲಿಲ್ಲ. ಅಮೆರಿಕನ್ನರು ಬೊಟ್ಟು ಮಾಡಿದ್ದು ಏರ್ ಕ್ಲೀನರ್ ಕಡೆಗೆ: ಅದು ಗಾಳಿಯನ್ನು ಸೋಸುತ್ತಲೇ ಇರಲಿಲ್ಲ, ಒಳಹೊಕ್ಕ ಧೂಳು ಪಿಸ್ಟನ್, ಸಿಲಿಂಡರುಗಳನ್ನು ತಿಂದುಹಾಕಿತ್ತು. ಲೋಹ, ವಿನ್ಯಾಸ, ಕುದುರೆಬಲ ಯಾವುದೂ ನೆರವಿಗೆ ಬರಲಿಲ್ಲ.

ನಿಮ್ಮ ಬೈಕಿನ ಪರೀಕ್ಷೆಗೆ ಮೈದಾನ ಬೇಡ. ಡಬ್ಬಿ ಬಿಚ್ಚಿ, ಫಿಲ್ಟರ್ ತೆಗೆಯಿರಿ. ಎಂಜಿನ್ನಿನ ಕಡೆಗೆ ಹೋಗುವ ಕೊಳವೆಯ ಒಳಮೈಯನ್ನು ಬಿಳಿ ಬಟ್ಟೆಯಿಂದ ಒರೆಸಿ. ಬಟ್ಟೆಗೆ ಮಣ್ಣು ಹತ್ತಿದರೆ ಧೂಳು ಎಲ್ಲಿಂದಲೋ ಸುತ್ತಿ ಬಂದಿದೆ ಎಂದೇ ಅರ್ಥ. ಫಿಲ್ಟರಿನ ಅಂಚು ಕೂರುವ ಜಾಗದಲ್ಲಿ ಧೂಳಿನ ಗೆರೆ ಎಳೆದಿದ್ದರೆ ಸೋರುವ ಜಾಗವೇ ಸಿಕ್ಕಿತು. ಗಟ್ಟಿಯಾದ ರಬ್ಬರ್ ಸೀಲ್ ಬದಲಾಯಿಸಿ, ಮುಚ್ಚಳದ ಸ್ಕ್ರೂಗಳೆಲ್ಲ ಇವೆಯೇ ಎಂದು ನೋಡಿ, ಅಂಚಿಗೆ ತೆಳುವಾಗಿ ಗ್ರೀಸ್ ಸವರಿ. ಇಷ್ಟು ಮಾಡದೆ ಹೈ-ಫ್ಲೋ ಫಿಲ್ಟರಿಗೆ ದುಡ್ಡು ಸುರಿಯುವುದು ದಂಡ.